ಮೂವತ್ತೊಂದನೇ ಹಾಸಿಗೆ

ವಾರ್ಡಿನಲ್ಲಿ ಎಲ್ಲರೂ ಅವಳನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಗುಡುಗಕ್ಕ. ಅವಳಿಗೆ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಮೂವತ್ತು ಹಾಸಿಗೆಯ ವಾರ್ಡಿನಲ್ಲಿ ಪಿಸುಗುಟ್ಟುತ್ತ ಕೂತರೆ ಕೊನೆಯ ಹಾಸಿಗೆಯವರೆಗೆ ಮಾತು ಮುಟ್ಟುವುದಿಲ್ಲ ಎಂಬುದು ಅವಳ ವಾದ. ಇಪ್ಪತ್ತೆರಡು ವರ್ಷದಿಂದ ಅದೇ ವಾರ್ಡು. ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ, ಹನ್ನೆರಡು ಗಂಟೆಯ ಪಾಳಿ.

ಆ ವಾರ್ಡಿನ ನರ್ಸುಗಳಿಗೆ ಒಂದು ಹೆಮ್ಮೆ ಇತ್ತು. ಹೇಳಿಕೊಳ್ಳುವಂಥದ್ದಲ್ಲ, ಆದರೂ ಹೇಳಿಕೊಳ್ಳುತ್ತಿದ್ದರು. ಪಾಳಿ ಮುಗಿಯುವವರೆಗೆ ಒಂದು ಸಲವೂ ಮೂತ್ರಕ್ಕೆ ಹೋಗದಿರುವುದು. ವಾರ್ಡಿಗೆ ಅಂಟಿಕೊಂಡೇ ಇದ್ದ ಸಿಬ್ಬಂದಿಯ ಶೌಚಾಲಯಕ್ಕೆ ಎಂಟು ವರ್ಷದಿಂದ ಬೀಗ. ಒಳಗೆ ಮುರಿದ ಡ್ರಿಪ್ ಸ್ಟ್ಯಾಂಡು, ಚಕ್ರ ಕಳಚಿದ ಗಾಲಿಕುರ್ಚಿ, ಹರಿದ ಹಾಸಿಗೆಗಳನ್ನು ತುಂಬಿಸಿಟ್ಟಿದ್ದರು. ಹೋಗಲೇಬೇಕೆಂದರೆ ಎರಡು ಮಹಡಿ ಇಳಿದು, ಹೊರರೋಗಿಗಳ ಸಾಲನ್ನು ಸೀಳಿಕೊಂಡು ಹೋಗಬೇಕು. ಹೋಗಿ ಬರಲು ಕಾಲು ಗಂಟೆ. ಅಷ್ಟರಲ್ಲಿ ಮೂರು ಕಡೆ ಗಂಟೆ ಬಾರಿಸಿರುತ್ತದೆ, ಒಂದು ಡ್ರಿಪ್ ಖಾಲಿಯಾಗಿರುತ್ತದೆ. ಹೋಗುವ ಗೋಜೇ ಬೇಡವೆಂದು ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಈ ಹೆಮ್ಮೆಗೆ ಗುರು ಗುಡುಗಕ್ಕನೇ. ಹೊಸದಾಗಿ ಸೇರಿದ ಹುಡುಗಿ ನೀರಿನ ಬಾಟಲಿ ತಂದು ಮೇಜಿನ ಮೇಲಿಟ್ಟರೆ, "ಏನಮ್ಮ, ಟೂರಿಗೆ ಬಂದಿದ್ದೀಯಾ? ನರ್ಸ್ ಆದವಳ ಮೂತ್ರಕೋಶ ಕಬ್ಬಿಣದ್ದಾಗಿರಬೇಕು" ಎಂದು ಎಲ್ಲರ ಮುಂದೆ ಹೇಳುವಳು. ಹುಡುಗಿ ಬಾಟಲಿಯನ್ನು ಚೀಲಕ್ಕೆ ಹಾಕಿಕೊಳ್ಳುವಳು. ಹೀಗೆ ಏಳು ಜನರನ್ನು ಅವಳು ತಯಾರು ಮಾಡಿದ್ದಳು.

ಒಂದು ಮಧ್ಯಾಹ್ನ ಹದಿನೆಂಟನೇ ಹಾಸಿಗೆಯವನಿಗೆ ಸೂಜಿ ಚುಚ್ಚುತ್ತಿದ್ದಾಗ ಅವಳ ಸೊಂಟದಿಂದ ಕಿಬ್ಬೊಟ್ಟೆಯವರೆಗೆ ಯಾರೋ ಗರಗಸ ಎಳೆದಂತಾಯಿತು. ಔಷಧಿ ಪೂರ್ತಿ ಒಳಗೆ ಹೋಗುವವರೆಗೆ ಕೈ ಅಲುಗಾಡಿಸಲಿಲ್ಲ. ಸೂಜಿ ತೆಗೆದು, ಹತ್ತಿ ಒತ್ತಿ, "ಒತ್ತಿ ಹಿಡ್ಕೊಳ್ಳಪ್ಪ" ಎಂದು ಹೇಳಿ, ಆಮೇಲೆ ನೆಲಕ್ಕೆ ಕುಸಿದಳು.

ಸ್ಕ್ಯಾನ್ ಮಾಡಿದ ಡಾಕ್ಟರು ಎರಡು ಕಲ್ಲು ತೋರಿಸಿದರು. ಮೂತ್ರದಲ್ಲಿ ಸೋಂಕು ಬೇರೆ. "ಸಣ್ಣ ಕಲ್ಲುಗಳು. ಮಾತ್ರೆ ತಗೊಂಡು, ಚೆನ್ನಾಗಿ ನೀರು ಕುಡಿದ್ರೆ ಹೋಗ್ತವೆ. ಕುಡಿಯದಿದ್ರೆ ನೀವೂ ಹೋಗ್ತೀರಿ" ಎಂದರು. ಆರು ವಾರ ಬಿಟ್ಟು ಮತ್ತೆ ಸ್ಕ್ಯಾನ್.

ಒಂದು ವಾರದ ರಜೆ ಮುಗಿಸಿ ಬಂದವಳನ್ನು ಮೇಟ್ರನ್ ತಮ್ಮ ಕೋಣೆಗೆ ಕರೆದರು. ಆಸ್ಪತ್ರೆಯ ನರ್ಸುಗಳಿಗೆಲ್ಲ ಮೇಲಿನವರು ಅವರು. ಎದುರಿಗೆ ಒಂದು ಕಾಗದ ಟೈಪಾಗಿ ಸಿದ್ಧವಿತ್ತು. ತಾರೀಕು ಮಾತ್ರ ಖಾಲಿ.

"ಬಟ್ಟೆ ಕೋಣೆಗೆ ವರ್ಗ. ಕೂತು ಮಾಡೋ ಕೆಲಸ. ಹಾಸಿಗೆ ಬಟ್ಟೆ ಎಣಿಸಿ ಕೊಡೋದು, ಎಣಿಸಿ ತಗೊಳ್ಳೋದು."

"ನಾನೇನು ತಪ್ಪು ಮಾಡಿದೆ ಮೇಡಂ?"

"ತಪ್ಪಲ್ಲಮ್ಮ. ಇನ್ನೊಂದು ಸಲ ವಾರ್ಡಿನಲ್ಲಿ ಬಿದ್ರೆ ಯಾರು ಜವಾಬ್ದಾರಿ? ಆರು ವಾರ ನೋಡ್ತೀನಿ. ರಿಪೋರ್ಟ್ ಸರಿ ಬರಲಿಲ್ಲ ಅಂದ್ರೆ ತಾರೀಕು ಹಾಕ್ತೀನಿ."

ಇಪ್ಪತ್ತೆರಡು ವರ್ಷ ಮನುಷ್ಯರ ನಾಡಿ ಹಿಡಿದವಳು ಇನ್ನು ದಿಂಬಿನ ಚೀಲ ಹಿಡಿಯಬೇಕು. ಗುಡುಗಕ್ಕನ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಚೀಲವನ್ನು ಕುರ್ಚಿಯ ಮೇಲೆ ಎಸೆದಳು. ಗಂಡ ಬಸ್ ಡ್ರೈವರ್. ಕಾಲು ಚಾಚಿಕೊಂಡು ಕೂತು ಎಲ್ಲ ಕೇಳಿಸಿಕೊಂಡ.

"ನನ್ನ ಬಸ್ಸಿಗೆ ದಿನಾ ಬೆಳಗ್ಗೆ ರೇಡಿಯೇಟರ್ ನೋಡಿ ನೀರು ಹಾಕ್ತೀನಿ ಕಣೇ. ಹಾಕದೆ ಓಡಿಸಿದ್ರೆ ಹೊಗೆ ಬರುತ್ತೆ. ನಿನಗೆ ಇಷ್ಟು ವರ್ಷ ಹೊಗೆ ಬರದೇ ಇದ್ದಿದ್ದೇ ಆಶ್ಚರ್ಯ."

"ಬರ್ತಿದೆ ಈಗ, ಕಿವಿಯಿಂದ. ಸುಮ್ನಿರಿ."

"ನೋಡ್ಕೊಳ್ಳೋಕೆ ಬಸ್ಸಿಗೆ ಒಂದು ಮುಳ್ಳಿದೆ, ಸ್ಟೀರಿಂಗ್ ಮುಂದಿನ ಮೀಟರಿನಲ್ಲಿ. ಎಷ್ಟು ಬಿಸಿ, ಎಷ್ಟು ಎಣ್ಣೆ ಅಂತ ತೋರಿಸುತ್ತೆ. ನಿನಗೆ ಏನಿದೆ?"

ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಮರುದಿನ ಬೆಳಗ್ಗೆ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತ, ಕಾಲ ಬಳಿ ತೂಗುವ ಚಾರ್ಟುಗಳಲ್ಲಿ ಬರೆಯುತ್ತಿದ್ದಾಗ ಅವಳ ಪೆನ್ನು ನಿಂತಿತು. ಯಾವ ರೋಗಿ ಎಷ್ಟು ಕುಡಿದ, ಎಷ್ಟು ಹೊರಗೆ ಹೋಯಿತು ಎಂದು ಮಿಲಿಲೀಟರ್ ಲೆಕ್ಕದಲ್ಲಿ ಮೂವತ್ತು ಜನರದ್ದನ್ನು ಬರೆಯುವವಳು ತನ್ನದನ್ನು ಒಂದು ದಿನವೂ ಬರೆದಿರಲಿಲ್ಲ. ಡ್ರಾಯರಿನಿಂದ ಹೊಸ ಚಾರ್ಟ್ ತೆಗೆದಳು. ಹಾಸಿಗೆ ಸಂಖ್ಯೆ ಎಂಬಲ್ಲಿ ಮೂವತ್ತೊಂದು ಎಂದು ಬರೆದಳು. ಹೆಣ್ಣು, ನಲವತ್ತೇಳು ವರ್ಷ, ಕಲ್ಲು ಎರಡು, ಸೋಂಕು. ಮೂವತ್ತನೇ ಹಾಸಿಗೆಯ ಆಚೆ, ಗೋಡೆಯ ಮೊಳೆಗೆ ನೇತುಹಾಕಿದಳು.

ಹುಡುಗಿಯರಿಗೆ ನಗಲು ಒಂದು ನೆಪ ಸಿಕ್ಕಿತು. ಅವರಲ್ಲೆಲ್ಲ ಚಿಕ್ಕವಳು, ದಪ್ಪ ಕನ್ನಡಕದವಳು, ದಿನಕ್ಕೆರಡು ಸಲ ಕೇಳುವಳು: "ಅಕ್ಕಾ, ಮೂವತ್ತೊಂದು ಹೇಗಿದ್ದಾರೆ?"

"ತುಂಬಾ ಹಟಮಾರಿ ಪೇಷಂಟು. ಹತ್ತಿರ ಹೋಗ್ಬೇಡ, ಕಚ್ತಾಳೆ."

ಮೊದಲ ವಾರ ಚೆನ್ನಾಗಿಯೇ ನಡೆಯಿತು. ಬಾಟಲಿ ತಂದಳು, ಕುಡಿದಳು, ಓಡುತ್ತ ಎರಡು ಮಹಡಿ ಇಳಿದು ಹತ್ತಿ ಬಂದಳು. ಎರಡನೇ ವಾರ ವಾರ್ಡು ತುಂಬಿತು. ಇಳಿಯಲು ಪುರುಸೊತ್ತಿಲ್ಲ, ಆದ್ದರಿಂದ ಕುಡಿಯಲು ಭಯ. ಮಧ್ಯಾಹ್ನ ಚಾರ್ಟಿನ ಮುಂದೆ ನಿಂತಾಗ ಖಾಲಿ ಚೌಕಗಳು ಅವಳನ್ನು ಅಣಕಿಸುತ್ತಿದ್ದವು. ಒಂದು ಇನ್ನೂರೈವತ್ತು ಬರೆದರೆ ಯಾರಿಗೆ ಗೊತ್ತಾಗುತ್ತದೆ? ಆದರೆ ರೋಗಿಯ ಚಾರ್ಟಿನಲ್ಲಿ ಅಂದಾಜು ಬರೆದ ಒಬ್ಬಳನ್ನು ಇದೇ ಬಾಯಿ ಅಳುವವರೆಗೆ ಬೈದಿತ್ತು. ಹಲ್ಲು ಕಚ್ಚಿ ಸೊನ್ನೆ ಬರೆದಳು.

ಮೂರನೇ ವಾರದ ಗುರುವಾರ ಬೆಳಗಿನ ಜಾವದಲ್ಲೇ ಯಾವುದೋ ಬಸ್ಸು ಮಗುಚಿ, ಏಳು ಗಂಟೆಗೆ ಅವಳು ಬರುವಷ್ಟರಲ್ಲಿ ಒಂಬತ್ತು ಜನ ಬಂದು ಮಲಗಿದ್ದರು. ಗಂಡನ ಬಸ್ಸಲ್ಲ ಎಂದು ಖಾತ್ರಿ ಮಾಡಿಕೊಂಡು ಕೆಲಸಕ್ಕೆ ಇಳಿದವಳು ಎರಡು ಗಂಟೆಯವರೆಗೆ ಕೂರಲಿಲ್ಲ. ಅಷ್ಟರಲ್ಲಿ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರು. ಆ ಆಸ್ಪತ್ರೆಗೆ ಅವರು ಬಂದು ಹತ್ತು ದಿನವಾಗಿತ್ತಷ್ಟೆ, ಈ ವಾರ್ಡಿಗೆ ಇದೇ ಮೊದಲ ರೌಂಡ್ಸು. ಮೂಗಿನ ತುದಿಯಲ್ಲೇ ಕೋಪ. ಹಿಂದೆ ಆರು ಜನ ವಿದ್ಯಾರ್ಥಿಗಳು, ಪಕ್ಕದಲ್ಲಿ ಮೇಟ್ರನ್. ಮೂವತ್ತೂ ಹಾಸಿಗೆ ನೋಡಿ ತಿರುಗುವಾಗ ಗೋಡೆಯ ಚಾರ್ಟ್ ಕಣ್ಣಿಗೆ ಬಿತ್ತು. ಕೈಗೆತ್ತಿಕೊಂಡರು. ಓದುತ್ತ ಓದುತ್ತ ಅವರ ಹುಬ್ಬು ಮೇಲೇರಿತು.

"ಯಾರ ಪೇಷಂಟ್ ಇದು? ಏಳು ಗಂಟೆಯಲ್ಲಿ ಒಳಗೆ ಹೋಗಿರೋದು ನೂರು ಮಿಲಿ. ಹೊರಗೆ ಸೊನ್ನೆ. ನಿನ್ನೇನೂ ಹೀಗೇ, ಮೊನ್ನೇನೂ ಹೀಗೇ. ಕಲ್ಲಿದೆ, ಸೋಂಕಿದೆ, ಡ್ರಿಪ್ ಹಾಕಿಲ್ಲ, ನನಗೊಂದು ಮಾತು ಹೇಳಿಲ್ಲ. ಕಿಡ್ನಿ ಹೋದಮೇಲೆ ಕರೀಬೇಕು ಅಂತಿದ್ರಾ?"

ಕನ್ನಡಕದವಳು ಟ್ರೇಯ ಹಿಂದೆ ಮುಖ ಬಚ್ಚಿಟ್ಟುಕೊಂಡಳು.

"ಕೇಳಿಸ್ತಾ? ಎಲ್ಲಿ ಈ ಹಾಸಿಗೆ?"

"ಹಾಸಿಗೆ ಇಲ್ಲ ಸರ್. ಪೇಷಂಟ್ ನಿಂತೇ ಇದ್ದಾಳೆ" ಎಂದಳು ಗುಡುಗಕ್ಕ. "ನಾನೇ."

ವಿದ್ಯಾರ್ಥಿಯೊಬ್ಬ ಕಿಸಕ್ಕೆಂದ. ಡಾಕ್ಟರು ತಿರುಗಿ ನೋಡಿದ ರಭಸಕ್ಕೆ ಅವನ ನಗು ಗಂಟಲಲ್ಲೇ ಸತ್ತಿತು.

"ತಮಾಷೆ ಮಾಡ್ತಿದ್ದೀರಾ?"

"ಒಂದು ಅಂಕಿಯೂ ಸುಳ್ಳಲ್ಲ ಸರ್. ನಮ್ಮ ಶೌಚಾಲಯ ಆ ಬೀಗದ ಹಿಂದಿದೆ. ಎಂಟು ವರ್ಷದಿಂದ ಮುರಿದ ಕುರ್ಚಿ ಹೋಗಿ ಕೂತಿವೆ ಅಲ್ಲಿ, ನಾವು ಹೋಗಂಗಿಲ್ಲ. ಅದಕ್ಕೆ ಕುಡಿಯೋದೇ ಇಲ್ಲ. ಕುಡೀಬೇಡಿ ಅಂತ ಈ ಮಕ್ಕಳಿಗೆ ಕಲಿಸಿದವಳೂ ನಾನೇ. ಬುದ್ಧಿ ಇರಲಿಲ್ಲ, ಜಂಬ ಇತ್ತು. ಇವರ ಚಾರ್ಟ್ ಬರೆದ್ರೆ ಇದಕ್ಕಿಂತ ಕೆಟ್ಟದಾಗಿರುತ್ತೆ."

ಗುಡುಗಕ್ಕ ತಪ್ಪು ಒಪ್ಪಿಕೊಂಡದ್ದನ್ನು ಆ ವಾರ್ಡು ಅದುವರೆಗೆ ಕಂಡಿರಲಿಲ್ಲ.

ದೊಡ್ಡ ಡಾಕ್ಟರು ಪೆನ್ನಿನ ಮುಚ್ಚಳ ಆಗಲೇ ತೆಗೆದಿದ್ದರು. ಅವಳ ಒಣಗಿದ ತುಟಿಯನ್ನು ನೋಡಿದರು. ಆಮೇಲೆ ಚಾರ್ಟಿನ ಕೆಳಗೆ ಬರೆದರು: ಎರಡು ಗಂಟೆಗೊಮ್ಮೆ ಇನ್ನೂರೈವತ್ತು ಮಿಲಿ ನೀರು. ನಾಲ್ಕು ಗಂಟೆ ಮೀರದಂತೆ ಮೂತ್ರಕ್ಕೆ ಕಳಿಸುವುದು. ತಪ್ಪಿದರೆ ನನಗೆ ತಿಳಿಸುವುದು. ಸಹಿ ಹಾಕಿ, ಚಾರ್ಟನ್ನು ಮೊಳೆಗೆ ಸಿಕ್ಕಿಸಿ ಹೊರಟುಹೋದರು.

ಆಸ್ಪತ್ರೆಯಲ್ಲಿ ಒಂದು ನಿಯಮವಿದೆ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗಬಹುದು. ಚಾರ್ಟಿನಲ್ಲಿ ಡಾಕ್ಟರು ಬರೆದದ್ದು ಆಗಲೇಬೇಕು, ಆಗದಿದ್ದರೆ ಯಾಕೆ ಎಂದು ಬರೆದು ಸಹಿ ಹಾಕಬೇಕು. ಈ ನಿಯಮವನ್ನು ಇಪ್ಪತ್ತು ವರ್ಷದಿಂದ ಎಲ್ಲರ ತಲೆಗೆ ತುಂಬಿದವರು ಮೇಟ್ರನ್. ಗುಡುಗಕ್ಕ ಅವರ ಕಡೆ ತಿರುಗಿದಳು.

"ಮೇಡಂ, ಡಾಕ್ಟರ ಆರ್ಡರ್ ಆಗಿದೆ. ಪಾಲಿಸೋಕೆ ಜಾಗ ಬೇಕು. ಇಲ್ಲ ಅಂದ್ರೆ ಯಾಕೆ ಪಾಲಿಸಲಿಲ್ಲ ಅಂತ ನೀವೇ ಬರೆದು ಸಹಿ ಹಾಕಿ."

ಮೇಟ್ರನ್ ಚಾರ್ಟನ್ನು ಇನ್ನೊಮ್ಮೆ ಓದಿದರು. "ನಿನ್ನ ಬಾಯಿ ಇದೆಯಲ್ಲ" ಎಂದಷ್ಟೇ ಹೇಳಿ, ಉಗ್ರಾಣದವನಿಗೆ ಫೋನ್ ಮಾಡಲು ಹೋದರು.

ಸಂಜೆ ನಾಲ್ಕಕ್ಕೆ ಬೀಗ ಒಡೆದರು. ಕೀಲಿ ಎಲ್ಲಿದೆಯೆಂದು ಯಾರಿಗೂ ನೆನಪಿರಲಿಲ್ಲ. ಹದಿನಾಲ್ಕು ಡ್ರಿಪ್ ಸ್ಟ್ಯಾಂಡು, ಮೂರು ಗಾಲಿಕುರ್ಚಿ, ಎಂಟು ವರ್ಷದ ಧೂಳು ಹೊರಗೆ ಬಂತು. ಕೊಳಾಯಿಯವನು ಮರುದಿನ ಬಂದು ನಲ್ಲಿ ಸರಿಮಾಡಿದ. ಹಾಸಿಗೆಯಿಂದ ಏಳಬಲ್ಲ ರೋಗಿಗಳೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಹದಿನೆಂಟನೇ ಹಾಸಿಗೆಯವನಂತೂ ಚಪ್ಪಾಳೆಯನ್ನೇ ತಟ್ಟಿದ.

ಮುಂದಿನ ರೌಂಡ್ಸಿಗೆ ಡಾಕ್ಟರು ಬಂದಾಗ ಗೋಡೆಯಲ್ಲಿ ಎಂಟು ಮೊಳೆ, ಎಂಟು ಚಾರ್ಟು. ಮೂವತ್ತೊಂದರಿಂದ ಮೂವತ್ತೆಂಟರವರೆಗೆ. ಒಂದೊಂದರ ಮೇಲೂ ಬರೆದು ಸಹಿ ಹಾಕಿದರು. ಅಂದಿನಿಂದ ಹುಡುಗಿಯರು ಒಬ್ಬರಿಗೊಬ್ಬರು ಸರದಿ ಬಿಟ್ಟುಕೊಡತೊಡಗಿದರು. "ನನ್ನ ಹನ್ನೆರಡು ಹದಿಮೂರು ನೋಡ್ಕೊಳ್ಳೇ, ಆರ್ಡರ್ ಪಾಲಿಸಿ ಬರ್ತೀನಿ" ಎಂದರೆ ಯಾರೂ ಮೂಗು ಮುರಿಯುತ್ತಿರಲಿಲ್ಲ. ಯಾರಾದರೂ ತಪ್ಪಿಸಿದರೆ ವಾರ್ಡಿನ ಆ ತುದಿಯಿಂದ ಗುಡುಗು ಕೇಳುತ್ತಿತ್ತು: "ಮೂವತ್ತಾರು, ಒಂಬತ್ತು ಗಂಟೆಯ ನೀರು ಯಾರಜ್ಜಿ ಕುಡೀತಾಳೆ?"

ಆರನೇ ವಾರ ಮುಗಿದು ಸ್ಕ್ಯಾನ್ ಆಯಿತು. ರಿಪೋರ್ಟಿನ ಲಕೋಟೆಯನ್ನು ಅವಳು ತೆರೆಯಲೇ ಇಲ್ಲ. ಹಾಗೇ ಒಯ್ದು ಮೇಟ್ರನ್ ಮೇಜಿನ ಮೇಲಿಟ್ಟಳು. ಮೇಜಿನ ಮೇಲೆ ಆ ಕಾಗದವೂ ಇತ್ತು, ತಾರೀಕು ಖಾಲಿ. ಮೇಟ್ರನ್ ಲಕೋಟೆ ಹರಿದು ಓದಿದರು. ಮುಖ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ.

"ಎರಡೂ ಕಲ್ಲು ಇಲ್ಲ. ಸೋಂಕೂ ಇಲ್ಲ." ಕನ್ನಡಕ ತೆಗೆದರು. "ಬಟ್ಟೆ ಕೋಣೆಗೆ ನಾನು ಬೇರೆ ಯಾರನ್ನಾದ್ರೂ ಹುಡುಕ್ಬೇಕು."

ಗುಡುಗಕ್ಕನಿಗೆ ಕೂಗಬೇಕೆನಿಸಿತು. ಕೂಗಲಿಲ್ಲ. ಆ ವರ್ಗದ ಕಾಗದವನ್ನು ತನ್ನ ಕಡೆ ಎಳೆದುಕೊಂಡು, ಮಗುಚಿ, ಖಾಲಿ ಬೆನ್ನಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆಯತೊಡಗಿದಳು. ಗಂಟೆ, ಒಳಗೆ, ಹೊರಗೆ.

"ಏನಮ್ಮ ಅದು?"

"ಮೂವತ್ತೊಂಬತ್ತು. ನಿಮ್ಮದು. ನಿಮ್ಮ ಕಾಲು ಊದ್ಕೊಂಡಿರೋದನ್ನ ಆರು ತಿಂಗಳಿಂದ ನೋಡ್ತಿದ್ದೀನಿ. ಇವತ್ತೇ ದೊಡ್ಡ ಡಾಕ್ಟರಿಗೆ ತೋರಿಸಿ, ಎಷ್ಟು ನೀರು ಅಂತ ಅವರೇ ಬರೀಲಿ."

ಮೇಟ್ರನ್ ತಮ್ಮ ಕಾಲನ್ನು ಮೇಜಿನ ಅಡಿಗೆ ಎಳೆದುಕೊಂಡರು. "ನಾನು ಹೋಗಲ್ಲ ಅಂದ್ರೆ?"

"ಯಾಕೆ ಹೋಗಲಿಲ್ಲ ಅಂತ ಬರೆದು ಸಹಿ ಹಾಕಿ ಮೇಡಂ" ಎಂದು ಹೇಳಿ ಅವಳು ಗಡಿಯಾರ ನೋಡಿದಳು. ಹನ್ನೊಂದಾಗಿತ್ತು. ಮೂವತ್ತೊಂದನೇ ಹಾಸಿಗೆಗೆ ನೀರಿನ ಹೊತ್ತು. ಕಾರಿಡಾರಿನ ಉದ್ದಕ್ಕೂ ಚಪ್ಪಲಿ ಸದ್ದು ಮಾಡುತ್ತ ವಾರ್ಡಿಗೆ ಹೋದಳು. ಬಾಟಲಿ ಎತ್ತಿ, ಏಳೂ ಹುಡುಗಿಯರು ನೋಡುತ್ತಿರುವಂತೆ ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು ಚಾರ್ಟಿನಲ್ಲಿ ದೊಡ್ಡದಾಗಿ ಬರೆದಳು: ಮುನ್ನೂರು.