ನಿಲ್ಲದ ಗಾಡಿ

ಆಗಸ್ಟ್ ತಿಂಗಳ ಬ್ಯಾಂಕ್ ರಜೆಯ ಸೋಮವಾರ, ಊರಿಗೆಲ್ಲ ಬಿಡುವು. ಬರ್ಮಿಂಗ್‌ಹ್ಯಾಮಿನ ಅರ್ಧ ಜನ ಸಮುದ್ರ ನೋಡಲು ಹೊರಟಿದ್ದರೆ, ಹೊರೇಸ್ ಪ್ಯಾಡ್ಲಿ ಅವರನ್ನು ಹೊತ್ತೊಯ್ಯುವ ಇಂಜಿನ್ ನೋಡಲು ಹೊರಟಿದ್ದ. ಪ್ರತಿ ವರ್ಷವೂ ಅದೇ ಪಾಡು. ಆದರೆ ಈ ಸಲ ಜೊತೆಗೆ ತಮ್ಮ ಲೆನ್ ಇದ್ದ, ಅದೂ ತಾನಾಗಿಯೇ ಕೇಳಿಕೊಂಡು ಬಂದಿದ್ದ. ಅದಕ್ಕೇ ಹೊರೇಸನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಲೆನ್‌ನ ಹೆಂಡತಿ ಐವಿ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಈಸ್ಟರ್ ಹೊತ್ತಿಗೆ ಲೆನ್‌ನನ್ನು ದೋಣಿಯವರು ಕಾಲುವೆಯಿಂದ ಎಳೆದು ದಡಕ್ಕೆ ಹಾಕಿದರು. ಕಾಲು ಜಾರಿತು ಅಂದ. ಮನೆಮಂದಿಯೆಲ್ಲ ಹೌದು ಹೌದು, ಆ ದಂಡೆ ತುಂಬಾ ಪಾಚಿ ಅಂದರು. ಯಾರೂ ನಂಬಲಿಲ್ಲ, ನಂಬಿಲ್ಲ ಎಂದು ಬಾಯಿಬಿಡುವ ಧೈರ್ಯವೂ ಯಾರಿಗೂ ಇರಲಿಲ್ಲ. ಅವರ ಜಾಯಮಾನವೇ ಅದು. ಮನೆಗೆ ಬೆಂಕಿ ಬಿದ್ದರೂ ಮೊದಲು ಚಹಾ ಬೇಕಾ ಎಂದು ಕೇಳುವ ಜನ.

ಬೆಳಿಗ್ಗೆ ಹೊರೇಸನ ಹೆಂಡತಿ ಡೋರಾ ಮೊಟ್ಟೆ ಸ್ಯಾಂಡ್‌ವಿಚ್ ಕಟ್ಟಿಕೊಡುತ್ತಾ ಗಂಡನನ್ನು ಅಡುಗೆಮನೆಯ ಮೂಲೆಗೆ ಎಳೆದಿದ್ದಳು.

"ನೋಡಿ, ಒಂದೇ ಮಾತು. ಅವನ ಮೇಲಿಂದ ಕಣ್ಣು ತೆಗೀಬೇಡಿ. ಸ್ಟೇಷನ್ ಅದು."

"ಅಯ್ಯೋ, ಅವನೇ ಬರ್ತೀನಿ ಅಂದಿದಾನೆ ಕಣೇ. ಸುಧಾರಿಸ್ಕೊಂಡಿದಾನೆ."

"ಸುಧಾರಿಸ್ಕೊಂಡಿದ್ರೆ ನನಗೂ ಸಂತೋಷವೇ. ನಿಮಗೆ ಆ ಇಂಜಿನ್ ಕಂಡ್ರೆ ಮೈಮೇಲೆ ಪ್ರಜ್ಞೆ ಇರಲ್ಲ, ಅದಕ್ಕೆ ಹೇಳ್ತಿರೋದು. ಅವನ ಕೈ ಬಿಡಲ್ಲ ಅಂತ ಆಣೆ ಮಾಡಿ."

ಹೊರೇಸ್ ಆಣೆ ಮಾಡಿದ. ಮನಸಾರೆಯೇ ಮಾಡಿದ, ಪಾಪ.

ಆಲ್ಡರ್ ಗ್ರೋವ್ ಊರಂಚಿನ ಪುಟ್ಟ ಸ್ಟೇಷನ್ನು. ಲೋಕಲ್ ಗಾಡಿಗಳು ಬಿಟ್ಟರೆ ಮಿಕ್ಕಿದ್ದೆಲ್ಲ ನಿಲ್ಲದೆ ಹಾರಿಹೋಗುತ್ತವೆ. ಪ್ಲಾಟ್‌ಫಾರ್ಮಿನ ತುದಿಯ ಬೆಂಚು ಇಂಜಿನ್ ಹುಚ್ಚಿನವರದ್ದು. ಅಲ್ಲಿ ಕಸಾಯಿ ಅಂಗಡಿಯ ಫ್ರಾಗ್ಗಟ್ ಹಂದಿಮಾಂಸದ ಕಡುಬು ಕಡಿಯುತ್ತಾ ಕೂತಿದ್ದ.

"ಏನಪ್ಪಾ ಪ್ಯಾಡ್ಲಿ, ಇವತ್ತಾದ್ರೂ ನಿನ್ನ ಮಹಾರಾಣಿ ದರ್ಶನ ಕೊಡ್ತಾಳಾ? ನನಗಂತೂ ಎರಡು ಸಲ ಕೊಟ್ಟಾಗಿದೆ."

"ತಿನ್ನೋ ಬಾಯಲ್ಲಿ ಹೊಟ್ಟೆ ಉರಿಸ್ಬೇಡ್ವೋ," ಎಂದ ಹೊರೇಸ್.

ಮಹಾರಾಣಿ ಅಂದರೆ ನಾಲ್ಕು ಐದು ಒಂಬತ್ತು ಒಂದು ಎರಡು ನಂಬರಿನ ಉಗಿ ಇಂಜಿನ್. ಆ ಜಾತಿಯ ಇಂಜಿನ್ನುಗಳಲ್ಲಿ ಹೊರೇಸ್ ನೋಡದೆ ಉಳಿದದ್ದು ಅದೊಂದೇ. ಡೀಸೆಲ್ ಬಂದಮೇಲೆ ಉಗಿಯವನ್ನೆಲ್ಲ ಸಾಲಾಗಿ ಗುಜರಿಗೆ ಕಳಿಸುತ್ತಿದ್ದರು. ಇದರ ಸರದಿಯೂ ಬಂದಿತ್ತು. ಇವತ್ತು ಸಮುದ್ರತೀರಕ್ಕೆ ಹೋಗುವ ರಜೆಯ ವಿಶೇಷ ಗಾಡಿಗೆ ಅದನ್ನೇ ಕಟ್ಟಿದ್ದಾರೆ ಎಂದು ಇಂಜಿನ್ ಶೆಡ್ಡಿನ ಕಡೆಯಿಂದ ಸುದ್ದಿ.

ಈ ಮಂದಿಯ ಮರ್ಯಾದೆಯೇ ಬೇರೆ. ನಂಬರನ್ನು ನೀನೇ ಕಣ್ಣಾರೆ ಓದಿರಬೇಕು, ಆಗಷ್ಟೇ ಇಂಜಿನ್ ನಂಬರುಗಳ ಪುಸ್ತಕದಲ್ಲಿ ಅದರ ಕೆಳಗೆ ಗೆರೆ ಎಳೆಯಬಹುದು. ಹಿಂದೊಮ್ಮೆ ಮಹಾರಾಣಿ ಇಲ್ಲೇ ಹಾದುಹೋದಾಗ ಹೊರೇಸ್ ಪಾಯಿಖಾನೆಯಲ್ಲಿದ್ದ. ಸದ್ದು ಕೇಳಿದ, ಹೊಗೆಯ ವಾಸನೆಯನ್ನೂ ಕುಡಿದ. "ಗೆರೆ ಎಳ್ಕೊಳ್ಳಯ್ಯ, ಯಾರು ಕೇಳ್ತಾರೆ?" ಅಂದಿದ್ದ ಫ್ರಾಗ್ಗಟ್. ಹೊರೇಸ್ ಎಳೆಯಲಿಲ್ಲ. ತನ್ನದಲ್ಲದ್ದನ್ನು ತನ್ನದು ಅನ್ನುವ ಗಂಡಲ್ಲ ಅವನು.

ಲೆನ್ ಬೆಂಚಿನ ಅಂಚಿನಲ್ಲಿ ಕೂತು ಹಳಿಗಳನ್ನೇ ನೋಡುತ್ತಿದ್ದ. ಸ್ಯಾಂಡ್‌ವಿಚ್ ಮುಟ್ಟಿರಲಿಲ್ಲ.

"ಅಣ್ಣಾ, ಆ ರಜೆ ಗಾಡಿ ಇಲ್ಲಿ ನಿಲ್ಲಲ್ವಾ?"

"ನಿಲ್ಲೋದಾ! ಇಳಿಜಾರಲ್ಲಿ ಬರ್ತಾಳೆ ಕಣೋ, ಗಾಳಿ ಹಾಗೆ ಹೋಗ್ತಾಳೆ."

"ಯಾವ ಹಳಿ ಮೇಲೆ?"

"ಇದೇ, ನಮ್ಮ ಕಾಲಡೀದೇ. ಆ ಸಿಗ್ನಲ್ ಕೈಕಂಬ ಇದೆಯಲ್ಲ, ಅದರ ಕೈ ಬಿತ್ತು ಅಂದ್ರೆ ಬಂದ್ಲು ಅಂತ್ಲೇ ಲೆಕ್ಕ."

ಹೊರೇಸ್ ಹಿಗ್ಗಿಹೋದ. ಜೀವಮಾನದಲ್ಲಿ ಒಂದು ಸಲವೂ ಇಂಜಿನ್ನಿನ ಬಗ್ಗೆ ಕೇಳದ ತಮ್ಮ! ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟ. ಗಾಡಿ ಹೇಗೆ ಬಳುಕುತ್ತದೆ, ಡ್ರೈವರನಿಗೆ ಎಲ್ಲಿಂದ ಈ ಪ್ಲಾಟ್‌ಫಾರ್ಮ್ ಕಾಣುತ್ತದೆ, ಎಲ್ಲಾ. ಬೇರೆ ಯಾರಾದರೂ ಆಗಿದ್ದರೆ ಎರಡನೇ ಪ್ರಶ್ನೆಗೇ ಎದೆ ಒಡೆದುಕೊಳ್ಳುತ್ತಿದ್ದರು. ಇವನು ಮೇಷ್ಟರಾಗಿ ಪಾಠ ಹೇಳುತ್ತಾ ಕೂತ, ಮಂಕುದಿಣ್ಣೆ!

"ನಿನ್ನ ತಮ್ಮನಿಗೂ ಹುಚ್ಚು ಹತ್ತಿಸ್ಬಿಟ್ಟೆ ಬಿಡು," ಎಂದು ಫ್ರಾಗ್ಗಟ್ ನಕ್ಕ.

ಲೆನ್ ಕೂಡ ಸ್ವಲ್ಪ ನಕ್ಕ. ಆಮೇಲೆ ಯಾವುದೋ ಮಾತಿಗೆ ಎಂಬಂತೆ, "ಬೆಕ್ಕನ್ನ ಪಕ್ಕದ ಮನೆಯೋಳಿಗೆ ಕೊಟ್ಬಿಟ್ಟೆ," ಎಂದ.

"ಐವಿ ಬೆಕ್ಕನ್ನಾ? ಯಾಕೋ?"

"ಅವಳು ಚೆನ್ನಾಗಿ ನೋಡ್ಕೋತಾಳೆ."

 ಐವಿ ಹೋದಮೇಲೆ ಆ ಬೆಕ್ಕನ್ನು ಲೆನ್ ಹಾಸಿಗೆಯಿಂದ ಇಳಿಸಿದವನಲ್ಲ. ನಿಲ್ಲದ ಗಾಡಿ, ಯಾವ ಹಳಿ, ಕೈಕಂಬ, ಬೆಕ್ಕು: ಹೊರೇಸನ ತಲೆಯಲ್ಲಿ ಒಂದೊಂದೇ ಬಂದು ಸಾಲಾಗಿ ನಿಂತವು. ಕೈಯಲ್ಲಿದ್ದ ಚಹಾ ತೊಡೆಯ ಮೇಲೆ ಚೆಲ್ಲಿತು. ತಮ್ಮನ ಕೋಟಿನ ತೋಳನ್ನು ಗಟ್ಟಿಯಾಗಿ ಹಿಡಿದ.

"ಏಳು ಲೆನ್. ಮನೆಗೆ ಹೋಗೋಣ."

"ಯಾಕೆ? ನಿನ್ನ ಇಂಜಿನ್ ಬರ್ಲಿ. ನೋಡ್ಕೊಂಡೇ ಹೋಗೋಣ."

ಆಗಲೇ ಎದ್ದು ಹೋಗಿದ್ದರೆ! ಆದರೆ ಕೈಕಂಬದ ಕೈ ಖಟ್ಟನೆ ಬಿತ್ತು. ಫ್ರಾಗ್ಗಟ್ ಕಡುಬು ಬಿಸಾಕಿ ಎದ್ದು ನಿಂತ. ಇದೊಂದು ಹೋಗಿಬಿಡಲಿ, ತೋಳು ಹಿಡಿದೇ ಇದ್ದೀನಲ್ಲ, ಆಮೇಲೆ ಹೊರಟರಾಯಿತು ಎಂದುಕೊಂಡ ಹೊರೇಸ್. ಸಣ್ಣದೊಂದು ನಂಬರ್ ಪಟ್ಟಿ ಸಾವಿಗಿಂತ ದೊಡ್ಡದಾಗಿ ಕಂಡದ್ದು ಆ ಒಂದು ಗಳಿಗೆಯಲ್ಲಿ.

ಇಂಜಿನ್ ತಿರುವಿನಲ್ಲಿ ಕಾಣಿಸಿತು. ಅದರ ಮೂತಿಯ ಮೇಲಿನ ನಂಬರ್ ಪಟ್ಟಿಯನ್ನು ಉಗಿ ಮುಚ್ಚಿತ್ತು. ಇನ್ನು ಉಳಿದದ್ದು ಡ್ರೈವರನ ಕೋಣೆಯ ಪಕ್ಕದಲ್ಲಿ ಬರೆದ ನಂಬರು. ಅದನ್ನು ಓದಬೇಕಾದರೆ ಹೊಗೆಗೆ ಕೈ ಅಡ್ಡ ಹಿಡಿದು, ಇಂಜಿನ್ನಿನ ಜೊತೆಗೇ ತಿರುಗಬೇಕು. ಹೊರೇಸ್ ತಿರುಗಿದ. ನೆಲ ನಡುಗಿತು, ಮುಖಕ್ಕೆ ಬಿಸಿ ಬಡಿಯಿತು. ನಾಲ್ಕು, ಐದು, ಒಂಬತ್ತು, ಒಂದು, ಎರಡು!

"ಓದಿದೆ!" ಎಂದು ಕೂಗಿದ. "ಫ್ರಾಗ್ಗಟ್, ಓದ್ಬಿಟ್ಟೆ ಕಣೋ!"

ಕೂಗುತ್ತಾ ಕೂಗುತ್ತಾ ಎರಡೂ ಕೈ ಮೇಲೆತ್ತಿದ್ದ. ಆಗ ತಿಳಿಯಿತು, ಎರಡೂ ಕೈ ಖಾಲಿ.

ಲೆನ್ ಪ್ಲಾಟ್‌ಫಾರ್ಮಿನ ಅಂಚುಗಲ್ಲಿನ ಮೇಲಿದ್ದ. ಬೂಟಿನ ಮೂತಿ ಗಾಳಿಯಲ್ಲಿತ್ತು. ಬೋಗಿಗಳು ಅವನ ಮೂಗಿನ ಮುಂದೆಯೇ ಧಡಧಡ ಹಾಯುತ್ತಿದ್ದವು, ಕೋಟು ಪಟಪಟ ಬಡಿಯುತ್ತಿತ್ತು. ಹೊರೇಸ್ ಓಡಿ ಕಾಲರ್ ಹಿಡಿದು ಹಿಂದಕ್ಕೆ ಜಗ್ಗಿದ. ಇಬ್ಬರೂ ಕಲ್ಲಿನ ಮೇಲೆ ಬಿದ್ದರು.

"ಏನ್ರೋ ಇದು, ಕುಣಿತಾ ಇದ್ದೀರಾ?" ಎಂದು ಫ್ರಾಗ್ಗಟ್ ನಗುತ್ತಾ ಬಂದ. ಅವರ ಮುಖ ನೋಡಿ ಟೋಪಿ ತೆಗೆದು ಅಲ್ಲೇ ನಿಂತ.

ಹೊರೇಸ್ ತಮ್ಮನ ಕೊರಳಪಟ್ಟಿ ಬಿಡಲಿಲ್ಲ. ಗಾಡಿಯ ಸದ್ದು ಪೂರ್ತಿ ಅಡಗಿದ ಮೇಲೆ ಲೆನ್ ಮಾತಾಡಿದ.

"ನಿನ್ನ ಕಡೆ ತಿರುಗಿ ನೋಡಿದೆ ಅಣ್ಣಾ. ನೀನೂ ನೋಡಿದ್ರೆ ಆ ಯೋಚನೆ ಬಿಟ್ಬಿಡೋಣ ಅಂತಿದ್ದೆ."

ಹೊರೇಸ್ ಅಳುತ್ತಿದ್ದ. "ಮತ್ತೆ... ಮತ್ತೆ ಯಾಕೋ ನಿಂತೆ?"

"ಮೊದಲನೇ ಬೋಗೀಲಿ ಒಂದು ಮಗು. ಕೈಯಲ್ಲಿ ಬಕೆಟ್ಟು. ನನಗೇ ಟಾಟಾ ಮಾಡ್ತು." ಲೆನ್ ಮೊಣಕೈ ಉಜ್ಜಿಕೊಂಡ. "ನಂಬರ್ ಸಿಕ್ತಾ?"

ಇಲ್ಲ ಅನ್ನಬೇಕೆಂದು ಹೊರೇಸ್ ಒದ್ದಾಡಿದ. ಬಾಯಿಗೆ ಬರಲಿಲ್ಲ.

"ಸಿಕ್ತು."

ಮನೆಯವರೆಗೂ ಹೊರೇಸ್ ಒಂದು ಕಡೆ, ಫ್ರಾಗ್ಗಟ್ ಇನ್ನೊಂದು ಕಡೆ ಲೆನ್‌ನ ತೋಳು ಹಿಡಿದು ನಡೆದರು. ಫ್ರಾಗ್ಗಟ್ ಗೇಟಿನಲ್ಲೇ ನಿಂತು, ಡಾಕ್ಟರನ್ನು ಕರೆತರುತ್ತೇನೆ, ರಜೆಯಾದರೇನು, ಬಾಗಿಲು ಒಡೆದಾದರೂ ಕರೆತರುತ್ತೇನೆ ಎಂದು ಹೊರಟುಹೋದ. ಡೋರಾ ಬಾಗಿಲಲ್ಲೇ ಇದ್ದಳು. ಗಂಡನ ತರಚಿದ ಮಂಡಿ ನೋಡಿದಳು, ಮೈದುನನ ಮುಖ ನೋಡಿದಳು. ಅವಳಿಗೆ ಅರ್ಧ ತಿಳಿದುಹೋಯಿತು.

"ಕೈ ಬಿಟ್ರಾ?" ಎಂದಳು.

ಹೊರೇಸ್ ಬಾಯಿ ತೆರೆಯುವ ಮೊದಲೇ ಲೆನ್ ಹೇಳಿದ. "ಇಲ್ಲ ಅತ್ತಿಗೆ. ಅಣ್ಣ ಒಂದು ಗಳಿಗೇನೂ ಬಿಡ್ಲಿಲ್ಲ. ಅವನೇ ನನ್ನ ಉಳಿಸಿದ್ದು."

ಡೋರಾ ದೊಡ್ಡ ಉಸಿರು ಬಿಟ್ಟು ಗಂಡನ ಕೆನ್ನೆ ಸವರಿದಳು. ಆ ಕೈ ಬಿಸಿಯಾಗಿತ್ತು, ಹಿಟ್ಟು ಮೆತ್ತಿತ್ತು. ಸುಮ್ಮನಿದ್ದುಬಿಟ್ಟರೆ ಬದುಕೆಲ್ಲ ಅದು ತನ್ನದೇ. ಹೊರೇಸ್ ಮೆಲ್ಲಗೆ ಆ ಕೈಯನ್ನು ಕೆನ್ನೆಯಿಂದ ಇಳಿಸಿದ.

"ಬಿಟ್ಟೆ ಡೋರಾ," ಎಂದ. "ಇಂಜಿನ್ ಬಂತು, ಬಿಟ್ಟೆ."