ಗೇಣುದ್ದದ ಸೇತುವೆ

ಕೂಸು ನಿನ್ನೆ ಸಂಜೆಯಿಂದ ಮೊಲೆ ಹಿಡಿದಿರಲಿಲ್ಲ. ಹುಟ್ಟಿ ಒಂಬತ್ತು ದಿನವಾಗಿತ್ತಷ್ಟೆ; ಅಳುವುದನ್ನೂ ಬಿಟ್ಟು ತಾಯಿ ಎರ್ಮಿಂದಾಳ ಮಡಿಲಲ್ಲಿ ಬಾಡಿದ ಸೊಪ್ಪಿನಂತೆ ಬಿದ್ದಿತ್ತು.

"ಅಳಿಯಂದ್ರೇ, ನಿನ್ನೆ ಕಾಡಿಗೆ ಹೋಗಿದ್ರಲ್ಲ, ಹಳ್ಳದ ಹತ್ರ ಕಡ್ಡಿ ಇಟ್ರಿ ತಾನೇ?" ಮರಗೆಣಸು ಸುಲಿಯುತ್ತಲೇ ಅತ್ತೆ ಕೇಳಿದಳು.

"ಇಟ್ಟೆ ಅತ್ತೆ," ಎಂದ ಅವೆಲಿನೊ.

ಹೋಗುವಾಗ ಇಟ್ಟಿದ್ದು ನಿಜ. ಅಮೆಜಾನ್ ಕಾಡಿನ ಮತ್ಸಿಗೆಂಕಾ ಬುಡಕಟ್ಟಿನ ಅಪ್ಪಂದಿರಿಗೆಲ್ಲ ಗೊತ್ತು: ಹಸುಗೂಸಿನ ಜೀವ ಅಪ್ಪನ ಬೆನ್ನು ಬಿಡದೆ ಅಲೆಯುತ್ತದೆ, ಆದರೆ ನೀರು ದಾಟಲಾರದು. ದಾಟುವಲ್ಲಿ ಗೇಣುದ್ದದ ಕಡ್ಡಿ ಇಡಬೇಕು, ಅದೇ ಅದರ ಸೇತುವೆ. ಬರುವಾಗ ಮಾತ್ರ ಮಳೆ ಹಿಡಿದಿತ್ತು. ತಾಳೆಹಣ್ಣಿನ ಬುಟ್ಟಿ ಹೊತ್ತವನು ಮೇಲಿನ ತಿರುವಿನಲ್ಲಿ ಕಡ್ಡಿ ಇಡದೆಯೇ ಒಂದೇ ನೆಗೆತಕ್ಕೆ ಹಳ್ಳ ಹಾರಿ ಬಂದುಬಿಟ್ಟಿದ್ದ. ಬುದ್ಧಿ ಎಲ್ಲಿಟ್ಟಿದ್ದನೋ ಮಹಾರಾಯ!

ಯಾರಿಗೂ ಹೇಳದೆ ಎದ್ದು ಓಡಿದ. ಹಳ್ಳ ಕೆಂಪಾಗಿ ಉಬ್ಬಿತ್ತು. ಸೊಂಟದವರೆಗಿನ ನೀರಲ್ಲಿ ಆಚೆಗೆ ದಾಟಿ, ತಾನು ನೆಗೆದ ಬಂಡೆಯ ಬಳಿ ಕುಕ್ಕರಿಸಿದ.

"ಕಂದಾ, ಇಲ್ಲೇ ಇದ್ದೀಯಾ? ಅಪ್ಪಂದೇ ತಪ್ಪು. ಬಾ, ನನ್ ಹಿಮ್ಮಡೀನೇ ನೋಡ್ಕೊಂಡ್ ಬಾ."

ಆ ದಡದಲ್ಲೊಂದು, ಈ ದಡದಲ್ಲೊಂದು ಕಡ್ಡಿ ಇಟ್ಟ. ಇನ್ನು ಓಡುವಂತಿಲ್ಲ. ಒಂಬತ್ತು ದಿನದ ಕೂಸು ಎಷ್ಟು ಬೇಗ ಬಂದೀತು? ಕವಲುದಾರಿ ಸಿಕ್ಕಲ್ಲೆಲ್ಲ ಅದು ದಾರಿ ತಪ್ಪದಿರಲೆಂದು ಎಲೆ ಅಡ್ಡ ಹಾಕುತ್ತ, ನಿಧಾನಕ್ಕೆ ನಡೆದ.

ತೋಟದ ಅಂಚಿಗೆ ಬಂದಾಗ ಎರ್ಮಿಂದಾ ಚೀರಿದ್ದು ಕೇಳಿಸಿತು. "ಅವೆಲಿನೊ! ಎಲ್ಲಿದ್ದೀಯಾ? ಬೇಗ ಬಾ!"

ಮಗು ಹೋಗಿಬಿಟ್ಟಿತೇ? ಈಗ ಓಡಿದರೆ ಅದು ಮತ್ತೆ ಹಿಂದೆಯೇ ಉಳಿದರೆ? ಅವನಿಗೆ ಅಳು ಬಂತು. ಹಲ್ಲು ಕಚ್ಚಿಕೊಂಡು ಅದೇ ನಡಿಗೆಯಲ್ಲಿ ನಡೆದ.

ಅತ್ತೆ ಹೊರಗೆ ಬಂದಳು. "ಹೆಂಡ್ತಿ ಅಷ್ಟು ಕೂಗ್ಕೋತಿದ್ದಾಳೆ, ನೀವು ಇರುವೆ ಸಾಯುತ್ತೇನೋ ಅಂತ ಹೆಜ್ಜೆ ಎಣಿಸ್ತಿದ್ದೀರಾ?" ಎಂದವಳು, ಅವನು ಹಿಂತಿರುಗಿ ನೆಲದತ್ತ ಕೈ ಚಾಚಿದ್ದನ್ನು ಕಂಡಳು. ಬಾಗಿಲಿಗೆ ಅಡ್ಡವಿದ್ದ ಸೌದೆಯನ್ನು ಎತ್ತಿ ಪಕ್ಕಕ್ಕಿಟ್ಟಳು.

ಅವೆಲಿನೊ ಬಾಗಿಲ ಬಳಿ ಸರಿದು ನಿಂತ. "ನೀ ಮೊದ್ಲು ಹೋಗು, ಕಂದಾ."

ಒಳಗೆ ಸದ್ದೇ ಇರಲಿಲ್ಲ. ಅತ್ತೆ ಅವನ ತೋಳು ಹಿಡಿದುಕೊಂಡಳು. ಆಮೇಲೆ ಹಸಿದ ಕೂಸಿನ ಕಿರುಚಾಟ ಕೇಳಿಸಿತು. ಅವೆಲಿನೊ ಅಲ್ಲೇ ಮಣ್ಣಿನಲ್ಲಿ ಕುಸಿದು ಕುಳಿತ.