ಒಂಬತ್ತನೇ ಮೇಜಿನ ಉತ್ತರ

ಬಾಗಿಲಲ್ಲಿ ಕೊಟ್ಟ ಬ್ಯಾಡ್ಜಿಗೆ ಹಸಿರು ಪಟ್ಟಿ ಅಂಟಿಸಿದ್ದರು. ಹಳೆಯ ಸದಸ್ಯರಿಗೆ ನೀಲಿ, ಈ ವರ್ಷ ಸೇರಿದವರಿಗೆ ಹಸಿರು. ಹಸಿರು ಪಟ್ಟಿಯವರೆಲ್ಲ ಇಪ್ಪತ್ತೈದು ಮೂವತ್ತರ ಆಸುಪಾಸಿನವರು. ಅವರ ನಡುವೆ ಐವತ್ತೊಂದು ವರ್ಷದ ಅತ್ತಿಗೆಯೊಬ್ಬಳೇ ತಡವಾಗಿ ಶಾಲೆಗೆ ಸೇರಿದವಳಂತೆ ನಿಂತಿದ್ದಳು.

ಅವಳನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ಹಕ್ಕಿದ್ದದ್ದು ಗಂಡನ ತಂಗಿಗೆ ಮಾತ್ರ. ಆದರೆ ಆ ಹುಡುಗಿ ಬಂದು ಇವರ ಮನೆಯಲ್ಲಿ ಏಳು ವರ್ಷ ಉಳಿದು, ದಿನಕ್ಕೆ ನೂರು ಸಲ ‘ಅತ್ತಿಗೆ, ಅತ್ತಿಗೆ’ ಎಂದು ಕೂಗಿ ಕೂಗಿ, ಗಂಡನ ಸ್ನೇಹಿತರಿಗೂ ಪಕ್ಕದ ಮನೆಯವರಿಗೂ ಅದೇ ಬಾಯಿಪಾಠವಾಗಿಬಿಟ್ಟಿತ್ತು. ವಿಚಿತ್ರವೆಂದರೆ, ಹೆಸರಿಟ್ಟವಳೇ ಈಗ ನಾಲ್ಕು ವರ್ಷದಿಂದ ಆ ಹೆಸರು ಹಿಡಿದು ಕರೆದಿರಲಿಲ್ಲ. ಇಬ್ಬರಿಗೂ ಮಾತು ನಿಂತುಹೋಗಿತ್ತು.

ಈ ದೇಶಕ್ಕೆ ಬಂದಾಗ ಅತ್ತಿಗೆಗೆ ಇಪ್ಪತ್ತೇಳು. ಹುಟ್ಟಿದ ನೆಲದಲ್ಲಿ ಪಾಸು ಮಾಡಿದ್ದ ಲೆಕ್ಕಪರಿಶೋಧಕರ ಪರೀಕ್ಷೆಗೆ ಇಲ್ಲಿ ಅರ್ಧ ಮರ್ಯಾದೆಯೂ ಇರಲಿಲ್ಲ. ಇಲ್ಲಿಯ ನಾಲ್ಕು ಪೇಪರ್ ಮತ್ತೆ ಬರೆಯಬೇಕು, ಅಲ್ಲಿಯವರೆಗೆ ಸಹಿ ಹಾಕುವ ಅಧಿಕಾರವಿಲ್ಲ ಎಂದರು. ಆಗಲಿ ಎಂದು ಒಂದು ಟೈಲ್ಸ್ ಗೋದಾಮಿನಲ್ಲಿ ಲೆಕ್ಕದ ಪುಸ್ತಕ ಬರೆಯುವ ಕೆಲಸಕ್ಕೆ ಸೇರಿದಳು. ಎರಡು ಪೇಪರ್ ಮುಗಿಸುವಷ್ಟರಲ್ಲಿ ಮಗಳು ಹುಟ್ಟಿದಳು. ಆಮೇಲೆ ನಾದಿನಿ ಬಂದಳು. ಸಸ್ಯಶಾಸ್ತ್ರ ಓದಿ ಬಂದಿದ್ದ ಅವಳಿಗೆ ಇಲ್ಲಿ ಯಾರೂ ಕೆಲಸ ಕೊಡಲಿಲ್ಲ. ಮುಖ ಬಾಡಿಸಿಕೊಂಡು ಕೂತಿದ್ದವಳನ್ನು ಅತ್ತಿಗೆಯೇ ಊಟದ ಮೇಜಿಗೆ ಎಳೆದು ಕೂರಿಸಿ, ಗೋದಾಮಿನ ಹಳೆಯ ಬ್ಯಾಂಕ್ ಸ್ಟೇಟ್‌ಮೆಂಟುಗಳನ್ನು ಮುಂದೆ ಹರಡಿ, ಡೆಬಿಟ್ ಎಂದರೇನು, ಕ್ರೆಡಿಟ್ ಎಂದರೇನು ಎಂದು ಶುರು ಮಾಡಿದ್ದು. ಹುಡುಗಿ ಚುರುಕು. ಆರು ವರ್ಷದಲ್ಲಿ ಹಿಂದಿನ ಪೇಪರುಗಳನ್ನೆಲ್ಲ ಪಾಸು ಮಾಡಿ ಅತ್ತಿಗೆಯ ಸರಿಸಮಕ್ಕೆ ಬಂದು ನಿಂತಳು. ಕೊನೆಯ ಎರಡು ಪೇಪರಿಗೆ ಇಬ್ಬರೂ ಒಟ್ಟಿಗೇ ಹೆಸರು ನೋಂದಾಯಿಸಿದರು. ಪರೀಕ್ಷೆಯ ಹಿಂದಿನ ವಾರ ಗಂಡನಿಗೆ ಬೆನ್ನುಹುರಿಯ ಶಸ್ತ್ರಚಿಕಿತ್ಸೆಯಾಯಿತು. ಅತ್ತಿಗೆ ಆಸ್ಪತ್ರೆಯಲ್ಲಿ ಉಳಿದಳು, ನಾದಿನಿ ಪರೀಕ್ಷೆ ಬರೆದಳು. ಅದರಲ್ಲಿ ಯಾರದೂ ತಪ್ಪಿರಲಿಲ್ಲ. ಮುಂದಿನ ಸಲ ಬರೆದರಾಯಿತು ಎಂದುಕೊಂಡ ಅತ್ತಿಗೆ ಆರು ವರ್ಷ ಪುಸ್ತಕ ಮುಟ್ಟಲಿಲ್ಲ.

ಅಷ್ಟರಲ್ಲಿ ನಾದಿನಿ ದೊಡ್ಡ ಕಂಪನಿಯೊಂದರಲ್ಲಿ ಮೇಲಧಿಕಾರಿಯಾಗಿ, ಬೇರೆ ಮನೆ ಮಾಡಿದ್ದಳು. ಅದೇ ಕಂಪನಿಯಲ್ಲಿ ಒಂದು ಹುದ್ದೆ ಖಾಲಿಯಿದೆ ಎಂದು ತಿಳಿದಾಗ ಅತ್ತಿಗೆ ಯಾರಿಗೂ ಹೇಳದೆ ಅರ್ಜಿ ಹಾಕಿದಳು. ‘ವಿಷಾದಿಸುತ್ತೇವೆ’ ಎಂಬ ಪತ್ರ ಬಂತು. ಎರಡು ತಿಂಗಳ ಮೇಲೆ, ಅಲ್ಲೇ ಕೆಲಸ ಮಾಡುವ ಪರಿಚಯದ ಹೆಂಗಸೊಬ್ಬಳು ಬಾಯಿಬಿಟ್ಟಳು: ಮ್ಯಾನೇಜರು ನಾದಿನಿಯನ್ನೇ ಕರೆದು ಕೇಳಿದ್ದರಂತೆ, ಅವಳು ‘ಈಕೆಗೆ ಅರ್ಹತೆಯಿಲ್ಲ’ ಎಂದಳಂತೆ. ಯಾವ ದಿನ ಎಂದೂ ಆ ಹೆಂಗಸು ಹೇಳಿದಳು. ಅತ್ತಿಗೆ ಕ್ಯಾಲೆಂಡರ್ ನೋಡಿದಳು. ಆ ದಿನ ಗುರುವಾರ, ಅವಳಿಗೆ ಚೆನ್ನಾಗಿ ನೆನಪಿತ್ತು. ಆ ಸಂಜೆ ನಾದಿನಿ ಮನೆಗೆ ಬಂದು, ಎರಡು ಸಲ ಬಡಿಸಿಕೊಂಡು ಉಂಡು, ಪಾತ್ರೆ ತೊಳೆದುಕೊಟ್ಟು ಹೋಗಿದ್ದಳು.

ಅಂದಿನಿಂದ ಅತ್ತಿಗೆ ಅವಳ ಫೋನ್ ಎತ್ತಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಗಂಡ ಮಾತ್ರ ಅಡಕತ್ತರಿಯಲ್ಲಿ ಸಿಕ್ಕಿಬಿದ್ದವನಂತೆ, ಹೆಂಡತಿಯ ಮುಂದೆ ತಂಗಿಯ ಹೆಸರೆತ್ತದೆ, ತಂಗಿಯ ಮುಂದೆ ಹೆಂಡತಿಯ ಹೆಸರೆತ್ತದೆ ದಿನ ದೂಡುತ್ತಿದ್ದ. ಅತ್ತಿಗೆ ಅಟ್ಟದಿಂದ ಪರೀಕ್ಷೆಯ ಪುಸ್ತಕ ಕೆಳಗಿಳಿಸಿ ಮತ್ತೆ ಓದತೊಡಗಿದಳು. ಮೊದಲ ಸಲ ಡುಮ್ಕಿ ಹೊಡೆದು, ಎರಡನೇ ಸಲ ಪಾಸಾದಳು. ಸದಸ್ಯತ್ವ ಉಳಿಯಬೇಕಾದರೆ ವರ್ಷಕ್ಕೆ ಇಷ್ಟು ಗಂಟೆ ಇಂಥ ಸಮ್ಮೇಳನಗಳಲ್ಲಿ ಕೂರಬೇಕು ಎಂಬ ನಿಯಮ. ಹೊರದೇಶದಿಂದ ಬಂದು ನೆಲೆಸಿದ ಲೆಕ್ಕಿಗರಿಗೆಂದೇ ಸಂಘವೊಂದಿತ್ತು, ಅದು ಎರಡು ದಿನದ ಸಮ್ಮೇಳನ ಏರ್ಪಡಿಸಿತ್ತು. ಕೊನೇ ಗಳಿಗೆಯಲ್ಲಿ ದುಡ್ಡು ಕಟ್ಟಿ ಬಂದಿದ್ದಳು.

ಹೋಟೆಲಿನ ನೆಲಮಾಳಿಗೆಯ ಸಭಾಂಗಣ. ದಪ್ಪ ಕಾರ್ಪೆಟ್, ಹಲ್ಲು ಕಡಿಯುವಷ್ಟು ಏ.ಸಿ. ದುಂಡು ಮೇಜುಗಳ ಮೇಲೆ ಸಂಖ್ಯೆಯ ಚೀಟಿಗಳು. ಮನೆತನದ ಹೆಸರಿನ ಅಕ್ಷರಕ್ರಮದಲ್ಲಿ ಜಾಗ ಹಂಚಿದ್ದರು. ಒಂಬತ್ತನೇ ಮೇಜಿಗೆ ಬಂದು ಬ್ಯಾಗ್ ಇಟ್ಟು ಅತ್ತಿಗೆ ತಲೆಯೆತ್ತಿದಳು. ನೀರಿನ ಜಗ್ಗಿನ ಆಚೆ ನಾದಿನಿ ಕೂತಿದ್ದಳು. ಇಬ್ಬರದೂ ಒಂದೇ ಮನೆತನದ ಹೆಸರಲ್ಲವೇ, ಅಕ್ಷರಕ್ರಮ ಬಿಟ್ಟೀತೇ.

“ನೀವು ಬರ್ತೀರಿ ಅಂತ ಗೊತ್ತಿರ್ಲಿಲ್ಲ, ಅತ್ತಿಗೆ,” ಎಂದಳು ನಾದಿನಿ, ಎದ್ದು ನಿಂತು.

ಅತ್ತಿಗೆ ತಲೆಯಾಡಿಸಿ, ಸೀದಾ ಸ್ವಯಂಸೇವಕಿಯ ಬಳಿ ಹೋಗಿ ಬೇರೆ ಮೇಜು ಕೊಡಲಾಗುತ್ತದೆಯೇ ಎಂದು ಕೇಳಿದಳು. ಹಾಜರಿ ಹಾಳೆ ಮೇಜಿನ ಲೆಕ್ಕದಲ್ಲಿದೆ, ಜಾಗ ಬದಲಿಸಿದರೆ ಗಂಟೆಗಳು ಜಮೆಯಾಗುವುದಿಲ್ಲ ಎಂದು ಆಕೆ ನಯವಾಗಿಯೇ ಹೇಳಿದಳು. ಅತ್ತಿಗೆ ಬಂದು ಕೂತಳು.

ಅದೇ ಮೇಜಿನಲ್ಲಿ ಇನ್ನಿಬ್ಬರಿದ್ದರು. ಒಬ್ಬರು ನಿವೃತ್ತ ಆಡಿಟರು, ಸಂಘದಲ್ಲೆಲ್ಲ ಅವರಿಗೆ ‘ಸುತ್ತೋಲೆ ಮೇಷ್ಟ್ರು’ ಎಂದೇ ಹೆಸರು. ಯಾವ ಮಾತಿಗೂ ಯಾವುದೋ ವರ್ಷದ ಯಾವುದೋ ಸುತ್ತೋಲೆಯ ಸಂಖ್ಯೆ ಹೇಳದೆ ಬಿಡುತ್ತಿರಲಿಲ್ಲ. ಮನೆಯಲ್ಲಿ ಹಾಲು ಕಾಯಿಸುವುದಕ್ಕೂ ಸುತ್ತೋಲೆ ಹೊರಡಿಸುತ್ತಾರೆ ಎಂದು ತಮಾಷೆ. ಇನ್ನೊಬ್ಬಳು ಆಸ್ಪತ್ರೆಯೊಂದರ ಲೆಕ್ಕ ನೋಡುವವಳು, ನಗುಮುಖದ ಮಾತುಗಾತಿ. ಬೆಳಗಿನ ಹೊತ್ತೆಲ್ಲ ಲೆಕ್ಕ ಬರೆಯುವ ಕಂಪ್ಯೂಟರ್ ತಂತ್ರಾಂಶಗಳ ಬಗ್ಗೆ ಭಾಷಣ ನಡೆಯಿತು. ಅತ್ತಿಗೆಯ ಕಿವಿಗೆ ಒಂದಕ್ಷರ ಬೀಳಲಿಲ್ಲ. ಜಗ್ಗನ್ನು ತುಸು ಎಡಕ್ಕೆ ಸರಿಸಿ, ನಾದಿನಿಯ ಮುಖ ಮರೆಯಾಗುವಂತೆ ಇಟ್ಟುಕೊಂಡಿದ್ದಳು.

ಮಧ್ಯಾಹ್ನದ ಊಟವಾದ ಮೇಲೆ ವೃತ್ತಿನೀತಿಯ ಪಾಠ. ನಡೆಸಿಕೊಡುವವರು ಮೇಜಿಗೊಂದು ಹಾಳೆ ಹಂಚಿದರು. ಅದರಲ್ಲೊಂದು ಪ್ರಸಂಗ, ಮೇಜಿನವರೆಲ್ಲ ಚರ್ಚಿಸಿ ಒಂದು ಉತ್ತರ ಕೊಡಬೇಕು, ಒಬ್ಬರು ಬರೆದುಕೊಂಡು ಸಭೆಗೆ ಓದಬೇಕು. ಪೆನ್ನು ನಾದಿನಿಯ ಕೈಗೆ ಬಂತು. ಆಸ್ಪತ್ರೆಯವಳು ಹಾಳೆಯನ್ನು ಗಟ್ಟಿಯಾಗಿ ಓದಿದಳು.

ಕಂಪನಿಯೊಂದರಲ್ಲಿ ಒಬ್ಬ ಅಧಿಕಾರಿ. ಅವಳ ಹತ್ತಿರದ ಸಂಬಂಧಿಯೊಬ್ಬಳು ಅದೇ ಕಂಪನಿಯ ಹುದ್ದೆಗೆ ಅರ್ಜಿ ಹಾಕಿದ್ದಾಳೆ. ಅರ್ಜಿಯಲ್ಲಿ ‘ಪರೀಕ್ಷೆಗೆ ಓದುತ್ತಿದ್ದೇನೆ’ ಎಂದು ಬರೆದಿದ್ದಾಳೆ. ಆರು ವರ್ಷದಿಂದ ಅವಳು ಪರೀಕ್ಷೆಗೆ ಕೂತಿಲ್ಲವೆಂದು ಅಧಿಕಾರಿಗೆ ಗೊತ್ತು. ಈ ಸಂಬಂಧಿಯೇ ಅಧಿಕಾರಿಗೆ ಈ ವೃತ್ತಿಯ ಮೊದಲ ಪಾಠ ಹೇಳಿಕೊಟ್ಟವಳು, ಅವಳಿಲ್ಲದಿದ್ದರೆ ಅಧಿಕಾರಿ ಈ ಕುರ್ಚಿಯಲ್ಲಿ ಇರುತ್ತಿರಲಿಲ್ಲ. ಈಗ ಮ್ಯಾನೇಜರು ಕರೆದು ಕೇಳುತ್ತಾರೆ. ಅಧಿಕಾರಿ ನಿಜ ಹೇಳುತ್ತಾಳೆ. ಅವಳು ಮಾಡಿದ್ದು ಸರಿಯೇ?

ಅತ್ತಿಗೆ ಹಾಳೆಯನ್ನು ತನ್ನತ್ತ ಎಳೆದುಕೊಂಡು ‘ಪರೀಕ್ಷೆಗೆ ಓದುತ್ತಿದ್ದೇನೆ’ ಎಂಬುದನ್ನು ಮತ್ತೆ ಓದಿದಳು. ತನ್ನ ಅರ್ಜಿಯ ಆ ಒಂದು ಸಾಲನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಬರೆಯುವಾಗ ಅದು ಸುಳ್ಳೆಂದು ತನಗೇ ಅನ್ನಿಸದಂತೆ ಏನೇನೋ ಸಮಾಧಾನ ಹೇಳಿಕೊಂಡಿದ್ದಳು. ಅದೀಗ ಇಪ್ಪತ್ತು ಮೇಜುಗಳ ಮೇಲೆ ಅಚ್ಚಾಗಿ ಬಿದ್ದಿತ್ತು. ಎದ್ದು ಹೋಗಿಬಿಡಲೇ ಎಂದು ಬ್ಯಾಗಿಗೆ ಕೈ ಹಾಕಿದಳು. ಆದರೆ ‘ಮೊದಲ ಪಾಠ ಹೇಳಿಕೊಟ್ಟವಳು’ ಎಂಬ ಮಾತು ಅವಳನ್ನು ಹಿಡಿದು ಕೂರಿಸಿತು. ಇಷ್ಟು ವರ್ಷದಲ್ಲಿ ಅದನ್ನು ಯಾರೂ, ಎಲ್ಲಿಯೂ ಹೇಳಿರಲಿಲ್ಲ.

ಮೇಷ್ಟ್ರು ಒಂದು ಸುತ್ತೋಲೆಯ ಸಂಖ್ಯೆ ಹೇಳಿ, ಅಧಿಕಾರಿ ‘ಆಕೆ ನನ್ನ ಸಂಬಂಧಿ, ನನ್ನನ್ನು ಕೇಳಬೇಡಿ’ ಎಂದು ಮೊದಲೇ ಪಕ್ಕಕ್ಕೆ ಸರಿಯಬೇಕಿತ್ತು ಎಂದರು. ಆಸ್ಪತ್ರೆಯವಳು ಒಪ್ಪಲಿಲ್ಲ. ಸರಿದು ನಿಂತರೂ ಮ್ಯಾನೇಜರಿಗೆ ಅರ್ಥವಾಗುವುದಿಲ್ಲವೇ, ಅದಕ್ಕಿಂತ ಒಂದು ಒಳ್ಳೆ ಮಾತಾಡಿದ್ದರೆ ಗಂಟು ಹೋಗುತ್ತಿತ್ತೇ, ಕೈಹಿಡಿದು ಕಲಿಸಿದವಳ ಹೊಟ್ಟೆಯ ಮೇಲೆ ಹೊಡೆಯುವುದು ಯಾವ ನೀತಿ ಎಂದು ಕೇಳಿದಳು. ನಾದಿನಿ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ‘ಹೊಟ್ಟೆಯ ಮೇಲೆ ಹೊಡೆಯುವುದು’ ಎಂಬುದನ್ನೂ ಬರೆದುಕೊಂಡಳು.

“ನೀವೇನಂತೀರಿ ಮೇಡಂ? ಬೆಳಗ್ಗಿಂದ ಒಂದು ಮಾತೂ ಆಡಿಲ್ಲ,” ಎಂದಳು ಆಸ್ಪತ್ರೆಯವಳು.

ನಾಲ್ಕು ವರ್ಷ ಅತ್ತಿಗೆ ಈ ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಹೇಳಿಕೊಂಡಿದ್ದಳು. ಬಟ್ಟೆ ಮಡಚುವಾಗ, ಬಸ್ಸಿನಲ್ಲಿ, ತೆರಿಗೆ ಕಾನೂನಿನ ಪುಟ ತಿರುವುವಾಗ ನೂರಾರು ಸಲ ನಾದಿನಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಬೈದಿದ್ದಳು. ಈಗ ಬಾಯಿ ತೆರೆದಾಗ ಬಂದದ್ದು ಆ ಯಾವ ಮಾತೂ ಅಲ್ಲ.

“ಮ್ಯಾನೇಜರಿಗೆ ಹೇಳಿದ್ದು ಸರಿ,” ಎಂದಳು. “ಆರು ವರ್ಷ ಪುಸ್ತಕ ಮುಟ್ಟದವಳು ಓದ್ತಾ ಇದ್ದೀನಿ ಅಂತ ಬರೆದ್ರೆ ಅದು ಸುಳ್ಳೇ. ಅದನ್ನ ಮುಚ್ಚಿಡೋಕೆ ಇನ್ನೊಬ್ಬಳು ಯಾಕೆ ಸುಳ್ಳು ಹೇಳ್ಬೇಕು? ತಪ್ಪು ಮೊದಲು ಮಾಡಿದ್ದು ಆ ಸಂಬಂಧಿ.”

ನಾದಿನಿಯ ಪೆನ್ನು ನಿಂತಿತು.

“ಆದ್ರೆ ಈ ಹಾಳೇಲಿ ಒಂದು ವಿಷಯ ಬಿಟ್ಟಿದಾರೆ. ಆ ಸಂಜೆ ಅಧಿಕಾರಿ ಎಲ್ಲಿಗೆ ಹೋದ್ಲು ಅಂತ ಬರೆದಿಲ್ಲ.”

“ಸಂಬಂಧೀ ಮನೆಗೆ ಹೋದ್ಲು,” ಎಂದಳು ನಾದಿನಿ. “ಹೇಳ್ಬೇಕು ಅಂತಾನೇ ಹೋಗಿದ್ದು. ಊಟ ಹಾಕಿದ್ರು, ಉಂಡ್ಲು. ಬಾಯಿ ಬರ್ಲಿಲ್ಲ.”

“ಇದೆಲ್ಲ ಹಾಳೆಯಲ್ಲಿಲ್ಲವಲ್ಲ,” ಎಂದರು ಮೇಷ್ಟ್ರು, ಕನ್ನಡಕ ಸರಿಪಡಿಸಿ ಮತ್ತೊಮ್ಮೆ ಓದುತ್ತ.

“ಬರೆದುಕೊಟ್ಟೋಳು ನಾನೇ, ಸರ್. ಸಂಘದೋರು ಒಂದು ಪ್ರಸಂಗ ಕೇಳಿದ್ರು. ಸರಿಯುತ್ತರ ನನಗೂ ಗೊತ್ತಿರ್ಲಿಲ್ಲ, ಅದಕ್ಕೇ ಇದನ್ನ ಕೊಟ್ಟೆ.”

ಆಸ್ಪತ್ರೆಯವಳು ಏನೋ ಕೇಳಹೊರಟವಳು, ಇಬ್ಬರ ಬ್ಯಾಡ್ಜಿನ ಹೆಸರುಗಳನ್ನೂ ಒಂದಾದ ಮೇಲೊಂದು ನೋಡಿದಳು. ಆಮೇಲೆ ಜಗ್ಗೆತ್ತಿ ಲೋಟಕ್ಕೆ ನೀರು ಬಗ್ಗಿಸಿಕೊಂಡು, ಬಾಯಾರಿದವಳಂತೆ ನಿಧಾನವಾಗಿ ಕುಡಿಯತೊಡಗಿದಳು. ಮೇಷ್ಟ್ರಿಗೆ ಅರ್ಥವಾಯಿತೋ ಇಲ್ಲವೋ, ಅವರೂ ಸುತ್ತೋಲೆ ಹೇಳಲಿಲ್ಲ.

“ಹಾಗಾದ್ರೆ ಉತ್ತರ ಏನಂತ ಬರೀಲಿ?” ನಾದಿನಿ ಅತ್ತಿಗೆಯನ್ನೇ ಕೇಳಿದಳು.

“ಮ್ಯಾನೇಜರಿಗೆ ಹೇಳಿದ್ದನ್ನ ಅವತ್ತೇ ಅವಳ ಮುಖ ನೋಡಿ ಹೇಳ್ಬೇಕಿತ್ತು. ಅವಳು ಬೈತಿದ್ಲೇನೋ, ಅಳ್ತಿದ್ಲೇನೋ. ಆದ್ರೆ ಬೇರೆಯವರ ಬಾಯಿಂದ ಕೇಳ್ತಿರ್ಲಿಲ್ಲ. ಅಷ್ಟೇ ಬರಿ.”

ಒಂಬತ್ತನೇ ಮೇಜಿನ ಸರದಿ ಬಂದಾಗ ನಾದಿನಿ ಎದ್ದು ನಿಂತು ಅಷ್ಟನ್ನೂ ಓದಿದಳು. ನಡೆಸಿಕೊಡುವವರು, ಕೊನೆಯ ಭಾಗ ನಿಯಮಾವಳಿಯ ಯಾವ ಕಲಮಿನಲ್ಲಿ ಬರುತ್ತದೆ ಎಂದು ಕೇಳಿದರು. ಯಾವುದರಲ್ಲೂ ಇಲ್ಲ ಎಂದಳು ನಾದಿನಿ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಡೆಸಿಕೊಡುವವರು ಧನ್ಯವಾದ ಹೇಳಿ ಹತ್ತನೇ ಮೇಜಿನ ಕಡೆ ತಿರುಗಿದರು.

ಚಹಾದ ಬಿಡುವಿನಲ್ಲಿ ಇಬ್ಬರೂ ಮೆಟ್ಟಿಲ ಹತ್ತಿರ, ಕೋಟು ನೇತುಹಾಕುವ ಕಂಬಿಯ ಪಕ್ಕ ನಿಂತರು. ಅತ್ತಿಗೆಯೇ ಮೊದಲು ಶುರು ಮಾಡಿದಳು.

“ಅರ್ಜಿ ಹಾಕೋ ಮುಂಚೆ ನಿನ್ನನ್ನ ಕೇಳ್ಬೇಕಿತ್ತು. ನಾಚಿಕೆ ಆಯ್ತು. ನಾನೇ ಕಲಿಸಿದೋಳ ಹತ್ರ ಹೋಗಿ ಕೆಲಸ ಕೇಳೋದಾ ಅಂತ.”

“ಫೋನ್ ಎತ್ತದೇ ಇದ್ದಾಗ ಗೊತ್ತಾಯ್ತು, ನಿಮಗೆ ತಿಳಿದಿದೆ ಅಂತ. ಮನೆಗೇ ಬರ್ಬೇಕಿತ್ತು. ಬೀದಿ ತುದಿವರೆಗೂ ಎರಡು ಸಲ ಬಂದೆ.”

“ಬಂದು?”

“ಹಾಗೇ ವಾಪಸ್ ಹೋದೆ.”

ಅತ್ತಿಗೆ ಕಪ್ಪಿನಲ್ಲಿ ಉಳಿದಿದ್ದ ಚಹಾವನ್ನು ಕುಡಿದು ಮುಗಿಸಿದಳು. ನಿನ್ನ ಮೇಲಿನ ಸಿಟ್ಟಿನಲ್ಲೇ ನಾಲ್ಕು ವರ್ಷ ಓದಿದ್ದು, ಇಲ್ಲದಿದ್ದರೆ ಪಾಸಾಗುತ್ತಿರಲಿಲ್ಲವೇನೋ ಎಂದಳು. ತಮಾಷೆಗೆಂದು ಹೊರಟ ಮಾತು ಅರ್ಧದಾರಿಯಲ್ಲಿ ನಿಜವಾಗಿಬಿಟ್ಟಿತು. ಇನ್ನು ಬೆಳಗ್ಗೆ ಐದಕ್ಕೆ ಏಳುವುದಕ್ಕೆ ಯಾವ ಕಾರಣವಿದೆ ಎಂದು ಅವಳಿಗೆ ಅಲ್ಲೇ, ಆ ಕೋಟುಗಳ ನಡುವೆ ನಿಂತಾಗ, ಒಂದು ಥರದ ಖಾಲಿತನ ಕಂಡಿತು.

ಈ ಸಂಜೆ ಮನೆಗೆ ಬರಲೇ ಎಂದು ನಾದಿನಿ ಕೇಳಿದಳು. ಇವತ್ತು ಬೇಡ, ನನಗೆ ಸುಸ್ತಾಗಿದೆ, ಭಾನುವಾರ ಬಾ, ನಿಮ್ಮಣ್ಣನಿಗೆ ನಾನೇ ಹೇಳುತ್ತೇನೆ ಎಂದಳು ಅತ್ತಿಗೆ.

ಭಾನುವಾರ ಅವಳು ಬಂದಳು. ಗಂಡ ಸಂತೋಷಕ್ಕೋ ಗಾಬರಿಗೋ ಎಡೆಬಿಡದೆ ಮಾತಾಡಿದ. ಮಗಳು ತುಂಬ ಎತ್ತರವಾಗಿದ್ದಾಳೆಂದು ಮೂರು ಸಲ ಹೇಳಿದ್ದಾಯಿತು. ಹೆಂಗಸರಿಬ್ಬರೂ ಅಳೆದು ತೂಗಿ ಮಾತಾಡಿದರು, ಹೊಸದಾಗಿ ಪರಿಚಯವಾದವರಂತೆ. ಮೊದಲಿನ ಹಾಗೆ ಆಗಲಿಲ್ಲ. ಮೊದಲಿನ ಹಾಗೆ ಆಗಬೇಕೆಂದು ಅತ್ತಿಗೆಯೂ ಬಯಸಲಿಲ್ಲ. ಆಗ ಒಬ್ಬಳು ಕಲಿಸುವವಳು, ಇನ್ನೊಬ್ಬಳು ಕಲಿಯುವವಳು. ಹಳೆಯ ಆ ಪಾಠದ ಮೇಜಿಗೆ ಇಬ್ಬರೂ ವಾಪಸು ಹೋಗುವಂತಿರಲಿಲ್ಲ.

ಐದು ತಿಂಗಳಾದ ಮೇಲೆ ಬೇರೊಂದು ಕಂಪನಿಯಲ್ಲಿ ಹುದ್ದೆಯೊಂದು ಖಾಲಿಯಾಯಿತು. ಅತ್ತಿಗೆ ಅರ್ಜಿ ತುಂಬಿದಳು. ನಿಮ್ಮ ಕೆಲಸ ಬಲ್ಲವರೊಬ್ಬರ ಹೆಸರು ಕೊಡಿ ಎಂಬ ಕಡೆ ಗೋದಾಮಿನ ಮಾಲೀಕರ ಹೆಸರು ಬರೆದು, ಕೆಳಗೆ ನಾದಿನಿಯ ಹೆಸರನ್ನೂ ಬರೆದು, ಎದುರಿಗೆ ‘ಗಂಡನ ತಂಗಿ’ ಎಂದು ಸೇರಿಸಿದಳು. ಕಳಿಸುವ ಮೊದಲು ಫೋನ್ ಮಾಡಿದಳು.

“ಅವರು ನಿನ್ನನ್ನ ಕೇಳಿದ್ರೆ?”

“ಗೊತ್ತಿರೋದನ್ನೇ ಹೇಳ್ತೀನಿ, ಅತ್ತಿಗೆ. ಆಮೇಲೆ ಏನು ಹೇಳಿದೆ ಅಂತ ನಿಮಗೂ ಹೇಳ್ತೀನಿ.”

ಆ ಕೆಲಸ ಇನ್ಯಾರಿಗೋ ಆಯಿತು. ಮ್ಯಾನೇಜರು ಏನು ಕೇಳಿದರು, ತಾನೇನು ಹೇಳಿದೆ ಎಂಬುದನ್ನು ನಾದಿನಿ ಅವತ್ತೇ ಫೋನ್ ಮಾಡಿ ಒಂದಕ್ಷರ ಬಿಡದೆ ಹೇಳಿದಳು. ಲೆಕ್ಕ ಅಚ್ಚುಕಟ್ಟು, ಹೊಸ ತಂತ್ರಾಂಶಗಳು ಅಷ್ಟಾಗಿ ಗೊತ್ತಿಲ್ಲ ಎಂದು ಹೇಳಿದ್ದಳಂತೆ. ಅತ್ತಿಗೆಗೆ ಒಂದು ಕ್ಷಣ ಚುರುಕ್ಕೆಂದಿತು. ಆಮೇಲೆ, ಹೌದು, ಗೊತ್ತಿಲ್ಲ, ಶನಿವಾರ ಬಿಡುವಿದ್ದರೆ ಬಂದು ಹೇಳಿಕೊಡು ಎಂದಳು.